6174: ಎಲ್ಲಿಂದ ಹೊರಟರೂ ಇಲ್ಲಿಗೇ ಬರೋದು ಯಾಕೆ?

ಸೀಮೆಸುಣ್ಣ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯೊಂದರ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಪಾಠ ಬೇಡ, ಒಂದು ಆಟ ಆಡೋಣ ಅಂದೆ. ಗೇಟಿನ ಹೊರಗೆ ನಿಂತಿರುವ ಬೈಕು, ಆಟೋ, ಟ್ರ್ಯಾಕ್ಟರುಗಳ ನಂಬರ್ ಪ್ಲೇಟು ನೋಡಿ ಕೊನೆಯ ನಾಲ್ಕು ಅಂಕಿ ಬರೆದುಕೊಂಡು ಬನ್ನಿ ಎಂದು ಮಕ್ಕಳನ್ನು ಕಳಿಸಿದೆ. ವಾಹನ ಸಾಲದವರು ಅಪ್ಪನ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ತಗೊಂಡರು.

ಆಟ ಇಷ್ಟೇ. ಆ ನಾಲ್ಕು ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆಯಬೇಕು. ಅದರ ಕೆಳಗೆ ಏರಿಕೆ ಕ್ರಮದಲ್ಲಿ ಬರೆದು ಕಳೆಯಬೇಕು. ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಬೇಕು. ನಮ್ಮ ಶಾಲೆಗೆ ಹಾಲು ತರುವವರ ಬೈಕಿನ ನಂಬರ್ 2903. ಅದನ್ನು ಬೋರ್ಡಿನ ಮೇಲೆ ನಾನೇ ಮಾಡಿದೆ:

9320 − 0239 = 9081
9810 − 0189 = 9621
9621 − 1269 = 8352
8532 − 2358 = 6174
7641 − 1467 = 6174

ಇನ್ನು ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಅರ್ಧ ಗಂಟೆಯಲ್ಲಿ ತರಗತಿಯ ಹೆಚ್ಚುಕಮ್ಮಿ ಎಲ್ಲರ ನೋಟ್‌ಬುಕ್ಕಿನಲ್ಲೂ 6174 ನಿಂತಿತ್ತು. 7777 ಬರೆದುಕೊಂಡು ಬಂದ ಹುಡುಗನಿಗೆ ಮಾತ್ರ ಮೊದಲ ಸಲವೇ ಸೊನ್ನೆ ಬಂತು. ನಾಲ್ಕೂ ಒಂದೇ ಅಂಕಿಯಾದರೆ ಆಟ ಇಲ್ಲ ಎಂದು ಮೊದಲೇ ಹೇಳಬೇಕಿತ್ತು, ಪಾಪ ಬೇಜಾರು ಮಾಡಿಕೊಂಡ. ಒಬ್ಬಳು ಹುಡುಗಿ 6412 ಇಂದ ಹೊರಟು 8 ಸಲ ಕಳೆದು 6174 ತಲುಪಿದಳು. ಇಡೀ ತರಗತಿಯಲ್ಲಿ ಅದೇ ಜಾಸ್ತಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೆಲ್ ಹೊಡೆದ ಮೇಲೂ ಮಕ್ಕಳು ಏಳಲಿಲ್ಲ. "ಟೀಚರ್, ಯಾಕೆ ಹಿಂಗಾಗತ್ತೆ?" ಅಂತ ಕೇಳಿದರು. ನನಗೆ ಆಟ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಸೋಮವಾರ ಹೇಳ್ತೀನಿ ಎಂದು ಬಂದಿದ್ದೇನೆ. ಏಳನೇ ತರಗತಿಯ ಮಕ್ಕಳಿಗೆ ಅರ್ಥ ಆಗುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ಬಸ್ಸಲ್ಲೇಓದು

ಟೀಚರ್, ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಮಾಡಿ ನೋಡಿದೆ. 2581 ತಗೊಂಡೆ. 7263, 5265, 3996, 6264, 4176, ಆಮೇಲೆ 6174. ಆರು ಸಲಕ್ಕೆ ಬಂತು! 6264 ಬಂದಾಗ ಇನ್ನೇನು ಬಂದೇಬಿಟ್ಟಿತು ಅಂದುಕೊಂಡೆ, ಅದು 4176ಕ್ಕೆ ಜಿಗಿಯಿತು. ಅದೇ ನಾಲ್ಕು ಅಂಕಿ, ಬೇರೆ ಜೋಡಣೆ.

ಆದರೆ 2111 ತಗೊಂಡರೆ ಆಟ ಕೆಡುತ್ತದೆ. 2111 − 1112 = 999. ಆಮೇಲೆ 999 − 999 = 0. ಹಾಗಾದರೆ "ಎಲ್ಲಾ ಸಂಖ್ಯೆ" ಅನ್ನೋದು ಸುಳ್ಳಲ್ವಾ?

ಹಳೇಲೆಕ್ಕಿಗ

ಸುಳ್ಳಲ್ಲ. 999 ಅನ್ನು 0999 ಎಂದು ಬರೆಯಬೇಕು. ನಾಲ್ಕು ಅಂಕಿಗಳ ಆಟದಲ್ಲಿ ಸೊನ್ನೆಯೂ ಒಂದು ಅಂಕಿಯೇ, ಅದನ್ನು ಬೀಳಿಸುವ ಹಾಗಿಲ್ಲ. 9990 − 0999 = 8991, ಆಮೇಲೆ 8082, 8532, 6174. ನಂಬರ್ ಪ್ಲೇಟಿನಲ್ಲಿ 26 ಎಂಬ ನಂಬರನ್ನೂ 0026 ಎಂದೇ ಬರೆಯುತ್ತಾರಲ್ಲ, ಹಾಗೆ.

ಈಗ ಟೀಚರ್ ಕೇಳಿದ "ಯಾಕೆ". ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಇದನ್ನು ಬೋರ್ಡಿನ ಮೇಲೆ ಹೀಗೆ ಮಾಡುತ್ತಿದ್ದೆ.

ನಾಲ್ಕು ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಇಡಿ. ಎರಡು ತುದಿಯ ಅಂಕಿಗಳ ವ್ಯತ್ಯಾಸಕ್ಕೆ "ಹೊರ" ಎನ್ನೋಣ. ನಡುವಿನ ಎರಡರ ವ್ಯತ್ಯಾಸಕ್ಕೆ "ಒಳ" ಎನ್ನೋಣ. 9320ರಲ್ಲಿ ಹೊರ 9, ಒಳ 1.

ಕಳೆಯುವಾಗ ಏನಾಗುತ್ತದೆ ನೋಡಿ. ದೊಡ್ಡ ಅಂಕಿ ಮೇಲಿನ ಸಾಲಿನಲ್ಲಿ ಸಾವಿರದ ಸ್ಥಾನದಲ್ಲಿದೆ, ಕೆಳಗಿನ ಸಾಲಿನಲ್ಲಿ ಬಿಡಿಯ ಸ್ಥಾನದಲ್ಲಿದೆ. ಸಾವಿರದಿಂದ ಒಂದು ಕಳೆದರೆ 999. ಹಾಗಾಗಿ ಆ ಅಂಕಿ 999 ಸಲ ಉಳಿಯುತ್ತದೆ. ಚಿಕ್ಕ ಅಂಕಿಯದ್ದು ಇದರ ತಿರುಗುಮುರುಗು, ಅದು 999 ಸಲ ಕಳೆದುಹೋಗುತ್ತದೆ. ನಡುವಿನವು ನೂರರ ಸ್ಥಾನ, ಹತ್ತರ ಸ್ಥಾನ ಅದಲುಬದಲಾಗುತ್ತವೆ. ನೂರರಿಂದ ಹತ್ತು ಕಳೆದರೆ 90. ಅಂದರೆ

ಉತ್ತರ = 999 × ಹೊರ + 90 × ಒಳ

ಇಷ್ಟೇ ಗುಟ್ಟು. ನೀವು ಬರೆದ ನಾಲ್ಕು ಅಂಕಿ ಯಾವುವು ಎಂಬುದು ಉತ್ತರಕ್ಕೆ ಬೇಕಾಗಿಯೇ ಇಲ್ಲ. ಎರಡು ವ್ಯತ್ಯಾಸ ಸಾಕು. ಹಾಲಿನವರ ಬೈಕು: 999 × 9 = 8991, ಅದಕ್ಕೆ 90 ಸೇರಿಸಿ, 9081. ಸರಿಹೋಯಿತಲ್ಲ.

ಹೊರ 1ರಿಂದ 9ರ ತನಕ ಇರಬಹುದು. ಒಳ ಯಾವತ್ತೂ ಹೊರಕ್ಕಿಂತ ಜಾಸ್ತಿ ಆಗಲ್ಲ. ಎಣಿಸಿದರೆ 2 + 3 + 4 + … + 10, ಒಟ್ಟು 54 ಜೋಡಿ. ಒಂದೇ ಒಂದು ಸಲ ಕಳೆದರೆ ಸಾಕು, 0000ದಿಂದ 9999ರವರೆಗಿನ ಅಷ್ಟೂ ಸಂಖ್ಯೆಗಳು 54 ಉತ್ತರಗಳೊಳಗೆ ಬಂದು ಬೀಳುತ್ತವೆ. ಒಂದೇ ಅಂಕಿಯ ಹತ್ತನ್ನು ಮಾತ್ರ ಬಿಡಬೇಕು.

ಇನ್ನೊಂದು ಹೆಜ್ಜೆ. ಒಳ ಸೊನ್ನೆ ಅಲ್ಲದಿದ್ದರೆ ಉತ್ತರದ ನಾಲ್ಕು ಅಂಕಿಗಳು ಕ್ರಮವಾಗಿ ಹೀಗಿರುತ್ತವೆ: ಹೊರ, ಒಳದಿಂದ 1 ಕಳೆದದ್ದು, 9ರಿಂದ ಒಳ ಕಳೆದದ್ದು, 10ರಿಂದ ಹೊರ ಕಳೆದದ್ದು. ಒಳ ಸೊನ್ನೆಯಾದರೆ ನಡುವೆ ಎರಡು 9 ಬರುತ್ತವೆ. ಹೊರ 8 ಆದರೂ 2 ಆದರೂ ಉತ್ತರದಲ್ಲಿ 8 ಮತ್ತು 2 ಎರಡೂ ಇರುತ್ತವೆ, ಜಾಗ ಮಾತ್ರ ಬೇರೆ. ಇಳಿಕೆ ಕ್ರಮದಲ್ಲಿ ಇಟ್ಟ ಮೇಲೆ ಜಾಗಕ್ಕೆ ಬೆಲೆ ಇಲ್ಲ. ಹೀಗೆ ಒಂದೇ ಥರದವನ್ನು ಜೊತೆಗಿಟ್ಟರೆ 54 ಇಳಿದು 30 ಆಗುತ್ತದೆ.

ಮೂವತ್ತು ಗೂಡು. ಒಂದು ಹಾಳೆ ಸಾಕು. ಪ್ರತಿ ಗೂಡಿನಿಂದ ಮುಂದಿನ ಗೂಡಿಗೆ ಒಂದು ಬಾಣ ಎಳೆಯಿರಿ. ಎಲ್ಲಾ ಬಾಣಗಳೂ ಹೊರ 6, ಒಳ 2 ಇರುವ ಗೂಡಿಗೆ ಬಂದು ಸೇರುತ್ತವೆ. ಅಲ್ಲಿ ಉತ್ತರದ ಅಂಕಿಗಳು 6, 1, 7, 4. ಇಳಿಕೆ ಕ್ರಮ 7641. ಅದರ ಹೊರ ಮತ್ತೆ 6, ಒಳ ಮತ್ತೆ 2. ಅದಕ್ಕೇ ಅದು ಕದಲುವುದಿಲ್ಲ.

ಅತಿ ಉದ್ದದ ದಾರಿಯನ್ನೂ ಎಣಿಸಿದ್ದೇನೆ. 5200 ತಗೊಳ್ಳಿ: 5175, 5994, 5355, 1998, 8082, 8532, 6174. ಏಳು ಸಲ. ಇದಕ್ಕಿಂತ ಉದ್ದದ ದಾರಿ ಇಲ್ಲ.

ಹಾಗಾಗಿ ಟೀಚರ್, ಆ ಹುಡುಗಿಯ ಎಂಟು ಸಲದ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಎಲ್ಲೋ ಒಂದು ಕಡೆ ಕಳೆಯುವುದು ತಪ್ಪಿರಬೇಕು.

ಸೀಮೆಸುಣ್ಣ

ಮೇಷ್ಟ್ರೇ, ಕೈ ಮುಗಿದೆ. ಎರಡು ಸಲ ಓದಿದೆ. ಬೋರ್ಡಿಗೆ ಹಾಕಲು ಧೈರ್ಯ ಬಂತು. ನೋಟ್‌ಬುಕ್ ಸೋಮವಾರ ನೋಡುತ್ತೇನೆ. ಆದರೆ ಒಂದು ಅನುಮಾನ. ಅವಳ ಲೆಕ್ಕ ತಪ್ಪಿದ್ದರೆ 6174 ಬರಬಾರದಿತ್ತಲ್ವಾ? ಅವಳಿಗೂ ಕೊನೆಗೆ ಅದೇ ಬಂದಿದೆ.

ಮಲೆನಾಡಮಳೆ

ಬರುತ್ತದೆ ಟೀಚರ್, ಅದೇ ಇದರ ವಿಶೇಷ. ದಾರಿಯ ನಡುವೆ ತಪ್ಪು ಮಾಡಿದರೆ ಬೇರೊಂದು ಸಂಖ್ಯೆಯಿಂದ ಹೊಸದಾಗಿ ಹೊರಟ ಹಾಗಾಯಿತು. ಅಲ್ಲಿಂದಲೂ 6174ಕ್ಕೇ ದಾರಿ. ಹಾಗಾಗಿ ಕೊನೆಯ ಉತ್ತರ ನೋಡಿ ಲೆಕ್ಕ ಸರಿ ಇದೆ ಎಂದು ಹೇಳುವ ಹಾಗಿಲ್ಲ.

ಹಿಡಿಯಲು ಸುಲಭದ ದಾರಿ ಇದೆ. 999 ಮತ್ತು 90 ಎರಡೂ 9ರ ಮಗ್ಗಿಯಲ್ಲಿ ಬರುತ್ತವೆ. ಹಾಗಾಗಿ ಪ್ರತಿ ಉತ್ತರವೂ 9ರಿಂದ ಭಾಗವಾಗಲೇಬೇಕು, ಅದರ ಅಂಕಿಗಳ ಮೊತ್ತ 18 ಅಥವಾ 27 ಬರಬೇಕು. ಬೇರೆ ಏನಾದರೂ ಬಂದರೆ ತಪ್ಪು ಅಲ್ಲೇ ಇದೆ.

ರಾತ್ರಿಪಾಳಿ

ಕೆಲಸ ಮುಗಿದ ಮೇಲೆ ಒಂದು ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದೆ. ಎಷ್ಟು ಸಲಕ್ಕೆ ಎಷ್ಟು ಸಂಖ್ಯೆಗಳು 6174 ತಲುಪುತ್ತವೆ ಎಂದು ನೋಡುವ ಆಸೆ. 1000ದಿಂದ 9999ರವರೆಗೆ:

1 ಸಲ: 356
2 ಸಲ: 519
3 ಸಲ: 2124
4 ಸಲ: 1124
5 ಸಲ: 1379
6 ಸಲ: 1508
7 ಸಲ: 1980

6174 ಒಂದು ಮೊದಲೇ ಮನೆಯಲ್ಲಿದೆ. ಎಲ್ಲಾ ಸೇರಿ 8991. ಮೇಷ್ಟ್ರು ಹೇಳಿದ್ದು ಸರಿ, ಎಂಟು ಎಂಬ ಸಾಲೇ ಇಲ್ಲ. ಮೂರು ಸಲದ್ದು ಇಷ್ಟು ಜಾಸ್ತಿ ಇರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಮಲೆನಾಡಮಳೆ

ಮೊದಲ ಸಾಲಿನಲ್ಲಿ ಏನೋ ಸರಿ ಇಲ್ಲ ಅನಿಸುತ್ತದೆ. ನಾನು ಪೆನ್ನಿನಲ್ಲಿ ಎಣಿಸಿದೆ. ಒಂದೇ ಸಲಕ್ಕೆ 6174 ಬರಬೇಕೆಂದರೆ ಹೊರ 6, ಒಳ 2 ಇರಬೇಕು. ಚಿಕ್ಕ ಅಂಕಿ 0, 1, 2, 3 ಈ ನಾಲ್ಕರಲ್ಲಿ ಒಂದು. ಚಿಕ್ಕದು 0 ಆದರೆ ದೊಡ್ಡದು 6. ನಡುವಿನ ಜೋಡಿ 0-2, 1-3, 2-4, 3-5, 4-6. ಮೊದಲನೆಯದರಲ್ಲೂ ಕೊನೆಯದರಲ್ಲೂ ಒಂದು ಅಂಕಿ ಎರಡು ಸಲ ಬರುತ್ತದೆ, ಅವಕ್ಕೆ 12 ಜೋಡಣೆ. ಉಳಿದ ಮೂರಕ್ಕೆ ತಲಾ 24. ಒಟ್ಟು 96. ಚಿಕ್ಕ ಅಂಕಿ ನಾಲ್ಕು ಬಗೆ, ಹಾಗಾಗಿ 96 × 4 = 384. 6174 ಒಂದನ್ನು ತೆಗೆದರೆ 383. ನಿಮಗೆ 356 ಹೇಗೆ ಬಂತು?

ರಾತ್ರಿಪಾಳಿ

ಪ್ರೋಗ್ರಾಂ ಮತ್ತೆ ನೋಡಿದೆ, ತಪ್ಪು ಕಾಣಲಿಲ್ಲ. ಆಮೇಲೆ ಹೊಳೆಯಿತು. ನಾನು 1000ದಿಂದ ಶುರು ಮಾಡಿದ್ದೇನೆ. ನೀವು 0026, 0206 ಇಂಥವನ್ನೂ ಎಣಿಸಿದ್ದೀರಿ. ಸೊನ್ನೆಯಿಂದ ಶುರುವಾಗುವವು ನಿಮ್ಮ ಪಟ್ಟಿಯಲ್ಲಿ ಸರಿಯಾಗಿ 27 ಇವೆ. 383 − 27 = 356.

ಸೊನ್ನೆಯವನ್ನೂ ಸೇರಿಸಿ ಓಡಿಸಿದರೆ ಕ್ರಮವಾಗಿ 383, 576, 2400, 1272, 1518, 1656, 2184. ಇಬ್ಬರದ್ದೂ ಸರಿ. ಪೆನ್ನಿನಲ್ಲಿ ಎಣಿಸಿ ಇಷ್ಟು ಕರಾರುವಾಕ್ಕಾಗಿ ಬಂದಿದ್ದಕ್ಕೆ ತುಂಬಾ ಖುಷಿಯಾಯಿತು.

ನಾಸಿಕದಿಂದ

ಇಲ್ಲಿ ಆ ಮನುಷ್ಯನ ಹೆಸರನ್ನು ಇನ್ನೂ ಯಾರೂ ಹೇಳಿಲ್ಲ, ಹೇಳಲೇಬೇಕು. ನಾನು ಹುಬ್ಬಳ್ಳಿಯವನು, ಕೆಲಸ ನಾಸಿಕದಲ್ಲಿ. ಇಲ್ಲಿಂದ ದೇವಳಾಲಿ ಹತ್ತಿರ. ಆ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಹುಟ್ಟಿದ್ದು 1905ರಲ್ಲಿ ಡಹಾಣುವಿನಲ್ಲಿ, ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬಿ.ಎಸ್ಸಿ. ಆದ ಮೇಲೆ ಮುಂದೆ ಓದಲಿಲ್ಲ. 1930ರಿಂದ 1962ರವರೆಗೆ ದೇವಳಾಲಿಯಲ್ಲೇ ಪಾಠ ಮಾಡಿದರು. ತೀರಿಕೊಂಡದ್ದು 1986ರಲ್ಲಿ.

6174ರ ಈ ಗುಣವನ್ನು ಅವರು 1949ರಲ್ಲಿ ಬರೆದು ಪ್ರಕಟಿಸಿದರು. ಆ ಬರಹದ ತಲೆಬರಹದಲ್ಲೇ ಇದನ್ನು ಒಬ್ಬರೇ ಕೂತು ಆಡುವ ಆಟ ಎಂದು ಕರೆದಿದ್ದರು. ನಮ್ಮಲ್ಲಿ ಅನೇಕರು ಇದು ಗಣಿತವೇ ಅಲ್ಲ, ಸುಮ್ನೆ ಆಟ ಎಂದು ಬದಿಗಿಟ್ಟರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತಿಗೇ ಹೆಸರು ಗೊತ್ತಾಯಿತು. ಈಗ 6174ಕ್ಕೆ ಎಲ್ಲ ಕಡೆ ಕಾಪ್ರೇಕರ್ ಸ್ಥಿರಾಂಕ ಎಂದೇ ಹೆಸರು.

ಅವರು ಸಂಖ್ಯೆಗಳಿಗೆ ಹೆಸರಿಡುತ್ತಿದ್ದ ರೀತಿ ನನಗೆ ತುಂಬಾ ಇಷ್ಟ. ಮುಂಬೈ ಹತ್ತಿರದ ಡೊಂಬಿವಲಿ ನಿಲ್ದಾಣಕ್ಕೆ ಆಗ ಡೆಮ್ಲೊ ಎಂದೂ ಹೆಸರಿತ್ತು. ಅಲ್ಲಿ ಹೊಳೆದವು ಡೆಮ್ಲೊ ಸಂಖ್ಯೆಗಳು. 121, 12321, 1234321 ಅದೇ ಬಳಗದವು. ಇನ್ನು ಕೆಲವಕ್ಕೆ ತಮ್ಮೂರಿನ ಹೆಸರನ್ನೇ ಇಟ್ಟು ದೇವಳಾಲಿ ಸಂಖ್ಯೆ ಅಂದರು. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಅಂದರು, ಅಂದರೆ ಹರ್ಷ ಕೊಡುವಂಥದ್ದು. 6174ರ ಅಂಕಿಗಳ ಮೊತ್ತ 18. 6174 ÷ 18 = 343. ಅದೂ ಹರ್ಷದವೇ!

ರಾಗಿಮುದ್ದೆ

ಒಂದು ಮಾತು ಹೇಳಲೇಬೇಕು, ಯಾರೂ ತಪ್ಪು ತಿಳಿಯಬೇಡಿ. ಇದು ನಿಜಕ್ಕೂ 6174ರ ಗುಣವಾ? ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ, ಅದಕ್ಕೇ ಹೀಗಾಗುತ್ತದೆ. ಎಂಟರ ಲೆಕ್ಕದಲ್ಲಿ, ಅಂದರೆ 0ರಿಂದ 7ರವರೆಗಿನ ಎಂಟೇ ಅಂಕಿ ಬಳಸಿ ಬರೆದರೆ ಇದೇ ಸಂಖ್ಯೆ 14036 ಆಗುತ್ತದೆ. ಅಂಕಿಗಳೇ ಐದು, ಆಟ ಅಲ್ಲಿಗೇ ಮುಗಿಯಿತು. ಅಂಗಳದಲ್ಲಿ 6174 ರಾಗಿ ಕಾಳು ರಾಶಿ ಹಾಕಿದರೆ ಆ ರಾಶಿಯಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಗುಣ ಇರುವುದು ನಾವು ಬರೆಯುವ ರೀತಿಯಲ್ಲಿ. ಇದನ್ನು ಮಕ್ಕಳಿಗೂ ಹೇಳಬೇಕು.

ಹಳೇಲೆಕ್ಕಿಗ

ಸರಿಯಾಗಿ ಹೇಳಿದಿರಿ, ಒಪ್ಪುತ್ತೇನೆ. 999, 90 ಬಂದದ್ದೇ ಹತ್ತರ ಪದ್ಧತಿಯಿಂದ. ಆದರೆ ನಿಮ್ಮ ರಾಗಿ ರಾಶಿಗೂ ತನ್ನದೇ ಒಂದು ಗುಣ ಇದೆ.

6174ರ ಅಪವರ್ತನ ಬಿಡಿಸಿದರೆ 2 × 3 × 3 × 7 × 7 × 7. ಅಂದರೆ 18 × 343. 343 ಎಂದರೆ 7ರ ಘನ. ನಿಮ್ಮ ರಾಶಿಯನ್ನು ಉದ್ದ 7, ಅಗಲ 7, ಎತ್ತರ 7 ಇರುವ 18 ಗಟ್ಟಿಗಳಾಗಿ ಜೋಡಿಸಬಹುದು, ಒಂದು ಕಾಳೂ ಉಳಿಯದ ಹಾಗೆ.

ಈಗ ಅದೇ ರಾಶಿಯನ್ನು ಇನ್ನೊಂದು ಥರ ಹಂಚಿ. 18 ಕಾಳಿನ ಒಂದು ಸಾಲು. 18ಕ್ಕೆ 18ರ ಒಂದು ಚೌಕ, ಅದಕ್ಕೆ 324 ಕಾಳು. 18ರ ಒಂದು ಘನ, ಅದಕ್ಕೆ 5832. ಕೂಡಿಸಿ: 18 + 324 + 5832 = 6174. ಒಂದು ಕಾಳೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಎರಡೂ ಜೋಡಣೆ ಒಂದೇ ರಾಶಿಗೆ ಹೇಗೆ ಕೂತವು? 1 + 18 + 324 = 343 ಆಗಿರುವುದರಿಂದ. ಒಂದು ಸಂಖ್ಯೆ, ಅದರ ವರ್ಗ, ಜೊತೆಗೆ ಒಂದು, ಇಷ್ಟನ್ನು ಕೂಡಿಸಿದರೆ ಸರಿಯಾಗಿ ಒಂದು ಘನ ಬರಬೇಕು. ಸೊನ್ನೆಗಿಂತ ದೊಡ್ಡ ಪೂರ್ಣ ಸಂಖ್ಯೆಗಳಲ್ಲಿ ಇದು 18ಕ್ಕೆ ಮಾತ್ರ ಆಗುತ್ತದೆ. ಬೇರೆ ಯಾವುದಕ್ಕೂ ಆಗುವುದಿಲ್ಲ ಎಂಬುದು 20ನೇ ಶತಮಾನದಲ್ಲಿ ಸಾಬೀತಾಗಿದೆ, ಆ ಸಾಧನೆ ಸುಲಭದ್ದಲ್ಲ. ಇದು ಹತ್ತರಲ್ಲಿ ಬರೆದರೂ ನಿಜ, ಎಂಟರಲ್ಲಿ ಬರೆದರೂ ನಿಜ, ಬರೆಯದೆ ರಾಶಿ ಹಾಕಿದರೂ ನಿಜ.

ಕಾಪ್ರೇಕರರ ಆಟಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಎರಡು ಬೇರೆ ಬೇರೆ ಗುಣಗಳು ಒಂದೇ ಸಂಖ್ಯೆಯಲ್ಲಿ ಸಿಕ್ಕಿವೆ, ಅಷ್ಟೇ. ಆದರೂ ಮೊದಲ ಸಲ ಇದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ರಾಗಿಮುದ್ದೆ

ಈಗ ನನಗೂ ಬರಲಿಕ್ಕಿಲ್ಲ ಮೇಷ್ಟ್ರೇ. 18ರ ಘನ ಕೈಯಲ್ಲೇ ಗುಣಿಸಿ ನೋಡಿದೆ. ಸರಿ ಇದೆ.

ಬಸ್ಸಲ್ಲೇಓದು

ಮೂರು ಅಂಕಿ, ಐದು ಅಂಕಿಗೂ ಹೀಗೇ ಒಂದೊಂದು ಸಂಖ್ಯೆ ಇರುತ್ತದಾ? ಎಲ್ಲಾ ಅಳತೆಗೂ ಒಂದು ಇರಲೇಬೇಕು ಅನಿಸುತ್ತದೆ.

ರಾತ್ರಿಪಾಳಿ

ಮೂರಕ್ಕೆ ಇದೆ, 495. 100 ತಗೊಂಡರೆ 099, 891, 792, 693, 594, 495. ಆರು ಸಲ, ಅದೇ ಅತಿ ಉದ್ದ. ಅಲ್ಲಿ ಒಳ ಎಂಬುದೇ ಇಲ್ಲ, ಹೊರ ಒಂದೇ. ಉತ್ತರ 99 × ಹೊರ. ನಾಲ್ಕಕ್ಕಿಂತ ಮೊದಲು ಮಕ್ಕಳಿಗೆ ಇದನ್ನು ಕೊಟ್ಟರೆ ಒಳ್ಳೆಯದು.

ಎರಡಕ್ಕೆ ಇಲ್ಲ. 09, 81, 63, 27, 45, ಮತ್ತೆ 09. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಐದಕ್ಕೂ ಇಲ್ಲ. ಅಲ್ಲಿ ಮೂರು ಸುತ್ತುಗಳಿವೆ. ಚಿಕ್ಕದು 53955, 59994, ಮತ್ತೆ 53955. ಉಳಿದ ಎರಡರಲ್ಲಿ ನಾಲ್ಕು ನಾಲ್ಕು ಸಂಖ್ಯೆಗಳು: 61974, 82962, 75933, 63954 ಒಂದು. 62964, 71973, 83952, 74943 ಇನ್ನೊಂದು. ಯಾವ ಸುತ್ತಿಗೆ ಬೀಳುತ್ತೀರಿ ಎಂಬುದು ಹೊರಟ ಸಂಖ್ಯೆಯ ಮೇಲಿದೆ.

ಮಲೆನಾಡಮಳೆ

ಹಾಗಂತ ಐದರಿಂದ ಮುಂದೆ ಎಲ್ಲೂ ಇಲ್ಲ ಅಂದುಕೊಳ್ಳಬೇಡಿ. ಆರರಲ್ಲಿ 549945 ಇದೆ: 995544 − 445599 = 549945. 631764 ಕೂಡ ಇದೆ. ಆದರೆ ಅಲ್ಲಿ ಸುತ್ತೂ ಒಂದಿದೆ, ಎಲ್ಲರೂ ಒಂದೇ ಕಡೆ ಸೇರುವುದಿಲ್ಲ. 631764ರ ಹೊಟ್ಟೆಯಲ್ಲಿ 6174 ಇಣುಕುತ್ತಿದೆ ನೋಡಿ: ಮೊದಲ 6, ಆಮೇಲೆ 1, 7, ಕೊನೆಯ 4. ಎಂಟು ಅಂಕಿಯಲ್ಲಿ 63317664. ಒಂದು 3, ಒಂದು 6 ಸೇರಿಸುತ್ತಾ ಹೋಗಿ, ಮುಂದಿನದು 6333176664, ಅದೂ ಕದಲುವುದಿಲ್ಲ.

ಸೀಮೆಸುಣ್ಣ

ಸೋಮವಾರದ ಸುದ್ದಿ ಹೇಳಲು ಬಂದೆ.

ಮೊದಲು ಅವಳ ನೋಟ್‌ಬುಕ್ ತೆಗೆಸಿದೆ. 6412 ಇಂದ 5175, 5994, 5355, 1998. ಇಲ್ಲಿಯವರೆಗೆ ಸರಿ. ಮುಂದಿನದು 9981 − 1899. ಅವಳು 8182 ಬರೆದಿದ್ದಳು. ಅಲ್ಲಿಂದ 7533, 4176, 6174. ಹೀಗೆ ಎಂಟಾಗಿದೆ.

ತಪ್ಪು ಎಲ್ಲಿದೆ ಎಂದು ನಾನು ಹೇಳಲಿಲ್ಲ. ಪ್ರತಿ ಉತ್ತರದ ಅಂಕಿಗಳನ್ನು ಕೂಡಿಸು ಅಂದೆ. 18, 27, 18, 27 ಎಂದು ಬೆರಳಿಟ್ಟುಕೊಂಡು ಬಂದಳು. 8182ರ ಹತ್ತಿರ 19 ಅಂದವಳೇ ನಿಂತುಬಿಟ್ಟಳು. ಮತ್ತೆ ಕಳೆದಳು. ಹತ್ತರ ಸ್ಥಾನಕ್ಕೆ ನೂರರಿಂದ ಸಾಲ ತಂದಿದ್ದಾಳೆ, ಆದರೆ ಅಲ್ಲಿಯ 9ನ್ನು 8 ಮಾಡಿಲ್ಲ. 8182 ಹೊಡೆದುಹಾಕಿ 8082 ಬರೆದಳು. ಆಮೇಲೆ 8532, 6174. ಏಳು. ಮುಖ ಸಪ್ಪೆಯಾಯಿತು. ಏಳಕ್ಕಿಂತ ಜಾಸ್ತಿ ಯಾರಿಂದಲೂ ಆಗಲ್ಲ, ನಿನ್ನದೇ ಅತಿ ಉದ್ದದ ದಾರಿ ಎಂದ ಮೇಲೆ ಗೆಲುವಾದಳು.

ಆಮೇಲೆ ಬೆಂಚು ಸರಿಸಿ ನೆಲದ ಮೇಲೆ ಮೂವತ್ತು ಗೂಡು ಬರೆದೆವು. ಒಂದೊಂದು ಗೂಡಿಗೆ ಒಬ್ಬೊಬ್ಬರು ನಿಂತರು. "ಈಗ ಕಳೆಯಿರಿ, ಹೆಜ್ಜೆ ಇಡಿ" ಅಂದೆ. ಮೊದಲ ಹೆಜ್ಜೆಗೇ ಹದಿಮೂರು ಗೂಡು ಖಾಲಿ. ಐದನೇ ಹೆಜ್ಜೆಗೆ ಬಹುತೇಕ ಎಲ್ಲರೂ ಒಂದೇ ಗೂಡಿನಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತಾ ನಿಂತಿದ್ದರು. 7777ರ ಹುಡುಗನಿಗೆ ಗೂಡು ಇರಲಿಲ್ಲ, ಅವನ ಕೈಗೆ ಸೀಮೆಸುಣ್ಣ ಕೊಟ್ಟೆ. ಬಾಣಗಳನ್ನೆಲ್ಲ ಎಳೆದವನು ಅವನೇ.

ಇವತ್ತು ಬೆಳಿಗ್ಗೆ ಶಾಲೆಯ ಬಾಗಿಲು ತೆಗೆದಾಗ ಜಗುಲಿಯ ಮೇಲೆ ಯಾರೋ ಒಂಬತ್ತು ಗೂಡು ಬರೆದಿದ್ದರು. ನಡುವಿನ ಗೂಡಿನಲ್ಲಿ 495.